ದುಡ್ಡು ಕೊಟ್ಟವನಿಗೇ ಬೀಗ

ಹಾಡಿಗೆ 6 ರೂಪಾಯಿ ಕೇಳಿದ ತಪ್ಪಿಗೆ ಬೆಂಗಳೂರಿನ ಒಂದು ಅಂಗಡಿ ಬಾಗಿಲು ಹಾಕಿಕೊಂಡಿತು.

ಅಂಗಡಿಯ ಹೆಸರು ಫ್ಲೈಟ್. ಇಟ್ಟವರು ಫ್ಲಿಪ್‌ಕಾರ್ಟ್‌ನವರು. 2012ರ ಫೆಬ್ರವರಿಯಲ್ಲಿ ತೆರೆಯಿತು. 2013ರ ಜೂನ್‌ನಲ್ಲಿ ವ್ಯಾಪಾರ ನಿಲ್ಲಿಸಿತು. ಒಂದೂವರೆ ವರ್ಷವೂ ಆಗಿರಲಿಲ್ಲ. ಐಟಿ ರಾಜಧಾನಿ, ಸ್ಟಾರ್ಟಪ್ ರಾಜಧಾನಿ, ಇನ್ನೂ ಏನೇನೋ ರಾಜಧಾನಿ ಎಂದು ಕಿರೀಟದ ಮೇಲೆ ಕಿರೀಟ ಹೊತ್ತ ಊರು ಇದು. ಕಂಪ್ಯೂಟರಿನಲ್ಲಿ ಹಾಡು ಮಾರುವ ಒಂದು ಅಂಗಡಿಯನ್ನು ಸಾಕುವ ಯೋಗ್ಯತೆ ಅದಕ್ಕೆ ಇರಲಿಲ್ಲ.

ಸರಕಿನಲ್ಲಿ ಕುಂದಿತ್ತೇ? ಇರಲಿಲ್ಲ. ಒಂದು ಹಾಡಿಗೆ 6ರಿಂದ 15 ರೂಪಾಯಿ. 320 ಕೆಬಿಪಿಎಸ್‌ನ ಒಳ್ಳೆಯ ಎಂಪಿ3. ಕೊಂಡ ಹಾಡನ್ನು ನಾಲ್ಕು ಸಲ ಇಳಿಸಿಕೊಳ್ಳಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಫೈಲಿಗೆ ಬೀಗ ಇರಲಿಲ್ಲ. ಫೋನಿಗೆ ಹಾಕಿ, ಕಾರಿನ ಪೆನ್‌ಡ್ರೈವ್‌ಗೆ ಹಾಕಿ, ಅಪ್ಪನ ಹಳೇ ಕಂಪ್ಯೂಟರಿಗೆ ಹಾಕಿ. ಯಾರ ಅಪ್ಪಣೆಯೂ ಬೇಡ.

ಅಂಗಡಿ ತೆರೆದ ಮರುತಿಂಗಳೇ ಸಂಗೀತ ಕಂಪನಿಗಳ ಒಕ್ಕೂಟ ಕಲ್ಕತ್ತಾ ಹೈಕೋರ್ಟಿನಿಂದ ಆದೇಶ ತಂದು 104 ಪುಕ್ಕಟೆ ಹಾಡಿನ ತಾಣಗಳಿಗೆ ತಡೆ ಹಾಕಿಸಿತು. ಒಂದು ಕಡೆ ಕಳ್ಳದಾರಿಗೆ ಬೇಲಿ. ಇನ್ನೊಂದು ಕಡೆ 6 ರೂಪಾಯಿಯ ರಾಜಬೀದಿ. ಜನ ಯಾವ ಕಡೆ ಹೋದರು ಎಂದು ಕೇಳುವುದೇ ಬೇಡ. ವೈಟ್‌ಫೀಲ್ಡಿನ ಎಂಜಿನಿಯರಿಗೆ ಬೇಲಿ ಹಾರಲು ಒಂದು ಕಾಫಿ ಬ್ರೇಕ್ ಸಾಕಾಯಿತು. ಪ್ರಾಕ್ಸಿ ಎಂದರೇನು ಎಂದು ಕಂಪನಿಯೇ ಅವನಿಗೆ ಟ್ರೇನಿಂಗ್ ಕೊಟ್ಟಿತ್ತು.

ಈ ಎಂಜಿನಿಯರನ ದಿನಚರಿ ನೋಡಿ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ಐಟಿಪಿಎಲ್‌ನಲ್ಲೋ ಕೂತು ಹಗಲೆಲ್ಲ ಲೈಸೆನ್ಸ್ ಕೀ ಪರೀಕ್ಷಿಸುವ ಕೋಡು ಬರೆಯುತ್ತಾನೆ. ಸಾವಿರಾರು ಮೈಲಿ ದೂರದ ಕಂಪನಿಯೊಂದರ ಸಾಫ್ಟ್‌ವೇರನ್ನು ದುಡ್ಡು ಕೊಡದವನು ಮುಟ್ಟದಂತೆ ಕಾಯುತ್ತಾನೆ. ಜೇಬಿನಲ್ಲಿ ಪೆನ್‌ಡ್ರೈವ್ ಇದ್ದರೆ ಗೇಟಿನಲ್ಲೇ ಸೆಕ್ಯುರಿಟಿಯವನು ತೆಗೆದಿಟ್ಟುಕೊಳ್ಳುತ್ತಾನೆ. ಆಫೀಸಿನ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿ ಸತ್ತುಹೋಗಿರುತ್ತದೆ. ವರ್ಷಕ್ಕೊಮ್ಮೆ ಬೌದ್ಧಿಕ ಆಸ್ತಿಯ ಮಹತ್ವದ ಬಗ್ಗೆ ಆನ್‌ಲೈನ್ ಪರೀಕ್ಷೆ ಬರೆದು ನೂರಕ್ಕೆ ನೂರು ತೆಗೆಯುತ್ತಾನೆ. ಸಂಜೆ ಪಿಜಿಗೆ ಬಂದು ವಾಟ್ಸಾಪ್ ಗ್ರೂಪಿನಲ್ಲಿ ಬರೆಯುತ್ತಾನೆ: "ಮಚ್ಚಾ, ಹೊಸ ಪಿಕ್ಚರ್ ಸಾಂಗ್ಸ್ ಲಿಂಕ್ ಇದ್ರೆ ಹಾಕೋ."

ಅವನ ಕಂಪನಿಯ ಕೋಡು ಆಸ್ತಿ. ಕಂಡವರ ಹಾಡು ಗಾಳಿ.

ಬಡತನ ಎನ್ನೋಣವೇ? ಅದೇ ಹುಡುಗ ಮಾಲಿನಲ್ಲಿ ಒಂದು ಲೋಟ ಕಾಫಿಗೆ 300 ರೂಪಾಯಿ ಕೊಡುತ್ತಾನೆ. ಲೋಟದ ಮೇಲೆ ತನ್ನ ಹೆಸರನ್ನು ತಪ್ಪಾಗಿ ಬರೆಸಿಕೊಂಡು ಅದರ ಫೋಟೋ ಬೇರೆ ಹಾಕುತ್ತಾನೆ.

ಅಂಗಡಿ ಮುಚ್ಚುವಾಗ ಫ್ಲಿಪ್‌ಕಾರ್ಟ್‌ನವರು ಎರಡು ಕಾರಣ ಕೊಟ್ಟರು. ಒಂದು, ಪೈರಸಿ. ಇನ್ನೊಂದು, ಸಣ್ಣ ಮೊತ್ತ ಪಾವತಿಸಲು ಸುಲಭದ ದಾರಿ ಇಲ್ಲ. ಎರಡನೆಯದು ಸುಳ್ಳಲ್ಲ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಹಂತದ ದೃಢೀಕರಣ ಬೇಕೇಬೇಕು ಎಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತ್ತು. 6 ರೂಪಾಯಿಯ ಹಾಡಿಗೆ ಕಾರ್ಡ್ ನಂಬರು, ಸಿವಿವಿ, ಬ್ಯಾಂಕಿನ ಪುಟ, ಅದಕ್ಕೊಂದು ಪಾಸ್‌ವರ್ಡು. ಫ್ರಿಜ್ ಕೊಳ್ಳುವವನಿಗೆ ಇಷ್ಟು ಸರಿ. ಹಾಡು ಕೊಳ್ಳುವವನು ಎರಡನೇ ಪುಟದಲ್ಲೇ ಬೇಸತ್ತು ಕಳ್ಳದಾರಿ ಹಿಡಿಯುತ್ತಾನೆ. ಅಲ್ಲಿ ಪಾಸ್‌ವರ್ಡ್ ಕೇಳುವವರಿಲ್ಲ.

2016ರಲ್ಲಿ ಯುಪಿಐ ಬಂತು. ಹೋಪ್ ಫಾರ್ಮ್ ಸರ್ಕಲ್ಲಿನ ಚಹಾದಂಗಡಿಯಲ್ಲಿ, ಬೊಮ್ಮಸಂದ್ರದ ಎಳನೀರು ಗಾಡಿಯಲ್ಲಿ, ಪೀಣ್ಯ ಎರಡನೇ ಹಂತದ ಬೀಡಾ ಸ್ಟಾಲಿನಲ್ಲಿ ಇವತ್ತು ಕ್ಯೂಆರ್ ಕೋಡ್ ನೇತಾಡುತ್ತಿದೆ. 10 ರೂಪಾಯಿ ಚಿಟಿಕೆ ಹೊಡೆಯುವಷ್ಟರಲ್ಲಿ ದಾಟುತ್ತದೆ. ಅಂದರೆ ಆ ಎರಡನೇ ಕಾರಣ ಸತ್ತು ಹತ್ತಿರ ಹತ್ತಿರ ಹತ್ತು ವರ್ಷವಾಯಿತು. ಅಂಗಡಿ ಮತ್ತೆ ತೆರೆಯಿತೇ? ಯಾರಿಗೂ ಆ ನೆನಪೇ ಆಗಲಿಲ್ಲ.

ಫ್ಲೈಟ್ ಮುಚ್ಚಿದ ರೀತಿಯನ್ನು ಮಾತ್ರ ಗಮನಿಸಬೇಕು. ಜೂನ್‌ನಲ್ಲಿ ಮಾರಾಟ ನಿಂತಿತು. ಕೊಂಡ ಹಾಡುಗಳನ್ನು ಇಳಿಸಿಕೊಳ್ಳಲು ಆಗಸ್ಟ್‌ವರೆಗೆ ಕಾಲಾವಕಾಶ ಕೊಟ್ಟರು. ಇಳಿಸಿಕೊಂಡವರ ಹಾಡು ಈಗಲೂ ಹಾಡುತ್ತದೆ. ಅಂಗಡಿ ಸತ್ತರೂ ಸರಕು ಬದುಕಿದೆ. ಬೀಗವಿಲ್ಲದ್ದಕ್ಕೆ.

ಬೀಗ ಹಾಕಿದವರ ಕಥೆ ಬೇರೆ. ಹೊರದೇಶದ್ದು, ಆದರೂ ನಮ್ಮ ಬುದ್ಧಿವಂತರು ಕೇಳಬೇಕಾದದ್ದು.

ಡಿಆರ್‌ಎಂ ಎಂಬ ಈ ಬೀಗದ ಕೆಲಸ ಸರಳ. ಹಾಡಿನ ಫೈಲನ್ನು ಗೂಢಲಿಪಿಯಲ್ಲಿ ಕಟ್ಟಿ ಕೊಡುತ್ತಾರೆ. ಕೀಲಿ ಕಂಪನಿಯ ಸರ್ವರಿನಲ್ಲಿ ಇರುತ್ತದೆ. ನೀವು ಮೊದಲ ಸಲ ಹಾಡು ಹಾಕಿದಾಗ ನಿಮ್ಮ ಕಂಪ್ಯೂಟರು ಸರ್ವರಿನ ಮುಂದೆ ಕೈಕಟ್ಟಿ ನಿಂತು, ಸ್ವಾಮೀ ಇವರು ದುಡ್ಡು ಕೊಟ್ಟಿದ್ದಾರೆ, ಕೀಲಿ ದಯಪಾಲಿಸಿ ಎಂದು ಬೇಡುತ್ತದೆ. ಹೊಸ ಕಂಪ್ಯೂಟರು ಕೊಂಡರೆ ಮತ್ತೆ ಬೇಡಬೇಕು. ಸರ್ವರನ್ನೇ ಕಿತ್ತುಹಾಕಿದರೆ? ಹಾಡು ನಿಮ್ಮ ಮನೆಯಲ್ಲೇ ಇರುತ್ತದೆ, ಹೊಸ ಕಂಪ್ಯೂಟರಿನಲ್ಲಿ ಬಾಯಿ ಬಿಡುವುದಿಲ್ಲ.

ಹೀಗೆಲ್ಲ ಆಗುತ್ತದೆಯೇ ಎನ್ನಬೇಡಿ. 2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಗ್ರಾಹಕರಿಗೆ ಓಲೆ ಕಳಿಸಿತು. ಆಗಸ್ಟ್ 31ರ ನಂತರ ಕೀಲಿ ಸಿಗುವುದಿಲ್ಲ. ಬೈಗುಳದ ಮಳೆ ಸುರಿದ ಮೇಲೆ 2011ರವರೆಗೆ ಮುಂದೂಡಿದರು. ಜುಲೈನಲ್ಲಿ ಯಾಹೂ ಅದೇ ರಾಗ ಹಾಡಿತು. ಸೆಪ್ಟೆಂಬರ್‌ನಲ್ಲಿ ವಾಲ್‌ಮಾರ್ಟ್. ವಾಲ್‌ಮಾರ್ಟ್ ಕೊಟ್ಟ ಸಲಹೆ ಕೇಳಿ: ಹಾಡುಗಳನ್ನೆಲ್ಲ ಸಿ.ಡಿ.ಗೆ ಸುಟ್ಟುಕೊಳ್ಳಿ. ಸಿ.ಡಿ.ಗೆ ಸುಟ್ಟು ಮತ್ತೆ ಕಂಪ್ಯೂಟರಿಗೆ ಎಳೆದುಕೊಂಡರೆ ಬೀಗ ತಾನಾಗಿಯೇ ಬಿದ್ದುಹೋಗುತ್ತದೆ. ಅಂದರೆ ಬೀಗ ಹಾಕಿದ ಅಂಗಡಿಯೇ ಬೀಗ ಒಡೆಯುವ ಉಪಾಯ ಹೇಳಿಕೊಟ್ಟಿತು. ಇಷ್ಟಕ್ಕೆ ಮೊದಲು ಬೀಗ ಯಾಕೆ ಹಾಕಿದಿರಿ ಮಹನೀಯರೇ?

ಮೈಕ್ರೋಸಾಫ್ಟಿನದು ಇನ್ನೂ ಒಂದು ಕೈ ಮೇಲು. 2006ರಲ್ಲಿ ಅದು ಜೂನ್ ಎಂಬ ಪ್ಲೇಯರ್ ತಂದಿತು. ಪ್ಲೇಸ್‌ಫಾರ್‌ಶೂರ್ ಎಂಬ ತನ್ನದೇ ಮುದ್ರೆಯೊತ್ತಿ ಮಾರಿಸಿದ್ದ ಬೀಗದ ಹಾಡುಗಳು ಆ ಪ್ಲೇಯರಿನಲ್ಲಿ ಹಾಡಲಿಲ್ಲ. ಕದ್ದ ಎಂಪಿ3 ಚೆನ್ನಾಗಿ ಹಾಡಿತು.

2005ರಲ್ಲಿ ಸೋನಿ ಬಿಎಂಜಿ ಸಿ.ಡಿ.ಗೂ ಬೀಗ ಹಾಕಲು ಹೋಯಿತು. ಸಿ.ಡಿ. ಕೊಂಡು ಕಂಪ್ಯೂಟರಿಗೆ ಹಾಕಿದವನ ಯಂತ್ರದೊಳಗೆ ಒಂದು ತಂತ್ರಾಂಶ ಇಳಿದು ವೈರಸ್ಸಿನ ಹಾಗೆ ಅಡಗಿ ಕೂರುತ್ತಿತ್ತು. ಮಾರ್ಕ್ ರುಸಿನೋವಿಚ್ ಎಂಬ ತಜ್ಞ ಅದನ್ನು ಹಿಡಿದು ಬಯಲಿಗೆಳೆದ. ಕಂಪನಿ ಸಿ.ಡಿ.ಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಯಾರ ಕಂಪ್ಯೂಟರಿಗೆ ಈ ರೋಗ ಅಂಟಿತು? ಅಂಗಡಿಗೆ ಹೋಗಿ ಡಾಲರ್ ಎಣಿಸಿ ಅಸಲಿ ಸಿ.ಡಿ. ತಂದವನಿಗೆ. ಫುಟ್‌ಪಾತಿನ ನಕಲಿ ತಂದವನು ಆರೋಗ್ಯವಾಗಿದ್ದ.

ಸ್ಟೀವ್ ಜಾಬ್ಸ್ 2007ರ ಫೆಬ್ರವರಿಯಲ್ಲಿ ಒಂದು ಬಹಿರಂಗ ಪತ್ರ ಬರೆದ. 2006ರಲ್ಲಿ ಬೀಗ ಹಾಕಿ ಆನ್‌ಲೈನಿನಲ್ಲಿ ಮಾರಿದ ಹಾಡು 200 ಕೋಟಿಗೂ ಕಡಿಮೆ, ಬೀಗವೇ ಇಲ್ಲದ ಸಿ.ಡಿ.ಗಳಲ್ಲಿ ಅದೇ ಕಂಪನಿಗಳು ಮಾರಿದ ಹಾಡು 2,000 ಕೋಟಿಗೂ ಹೆಚ್ಚು ಎಂದು ಲೆಕ್ಕ ಕೊಟ್ಟ. ಹೆಬ್ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದ್ದರು. 2009ರಲ್ಲಿ ಆಪಲ್ ಬೀಗ ತೆಗೆಯಿತು. ದೊಡ್ಡ ಮನಸ್ಸು ಎಂದು ಚಪ್ಪಾಳೆ ತಟ್ಟಬೇಡಿ. ಮೊದಲೇ ಕೊಂಡ ಹಾಡುಗಳ ಬೀಗ ತೆಗೆಸಿಕೊಳ್ಳಲು ಹಾಡಿಗೆ 30 ಸೆಂಟ್ ಕೊಡಬೇಕಿತ್ತು.

ಇದೆಲ್ಲ ಹೊರಗಿನ ಕಥೆ ಎನ್ನುವವರು ಪೀಣ್ಯಕ್ಕೆ ಬನ್ನಿ. ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಯಾವುದಾದರೂ ಸಣ್ಣ ಘಟಕದಲ್ಲಿ ಡಾಂಗಲ್ ಬಗ್ಗೆ ವಿಚಾರಿಸಿ. ಲಕ್ಷಗಟ್ಟಲೆ ಕೊಟ್ಟು ಸಾಫ್ಟ್‌ವೇರ್ ಕೊಂಡ ಮಾಲೀಕ ಕಂಪ್ಯೂಟರಿಗೆ ಸಿಕ್ಕಿಸುವ ಕೀಲಿಯಾದ ಆ ಹೆಬ್ಬೆರಳು ಗಾತ್ರದ ಡಾಂಗಲನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾನೆ. ಅದು ಕೆಟ್ಟರೆ ಕೆಲಸ ನಿಂತಿತು. ಕಳೆದರೆ ಹೊಸದಕ್ಕೆ ಅರ್ಜಿ, ಮೇಲು, ಫೋನು. ಪಕ್ಕದ ಶೆಡ್ಡಿನವನು ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಂಡಿದ್ದಾನೆ. ಅವನಿಗೆ ಡಾಂಗಲ್ಲೂ ಇಲ್ಲ, ಅರ್ಜಿಯೂ ಇಲ್ಲ. ಮೂರು ಶಿಫ್ಟ್ ಓಡಿಸುತ್ತಾನೆ.

ಇನ್ನು ಕಾನೂನು. ನಮ್ಮಲ್ಲಿ ಕಾನೂನಿಗೆ ಕೊರತೆಯೇ?

2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಮೇಲೆ ದಂಡ. ಉದ್ದೇಶ ಇರಬೇಕು ಎಂದು ಸೇರಿಸಿದ್ದು ದೊಡ್ಡ ಪುಣ್ಯ. ಅಮೆರಿಕದ 1998ರ ಕಾನೂನಿಗೆ ಅಷ್ಟು ದಯೆ ಇಲ್ಲ. ದೆಹಲಿಯವರು ಅಪರೂಪಕ್ಕೆ ವಿವೇಕ ತೋರಿಸಿದರು ಎನ್ನುವಷ್ಟರಲ್ಲಿ ನಮ್ಮ ವಿಧಾನಸೌಧ ಎದ್ದು ನಿಂತಿತು.

2014ರಲ್ಲಿ ಕರ್ನಾಟಕ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದರು. 1985ರ ಕಾಯ್ದೆ. ಕಳ್ಳಭಟ್ಟಿಯವರು, ಜೂಜುಕೋರರು, ರೌಡಿಗಳು ಇದ್ದ ಪಂಕ್ತಿಯಲ್ಲಿ ಡಿಜಿಟಲ್ ಅಪರಾಧಿಗಳಿಗೂ ಆಡಿಯೊ, ವಿಡಿಯೊ ನಕಲುಗಾರರಿಗೂ ಎಲೆ ಹಾಕಿದರು. ವಿಚಾರಣೆಗೆ ಮೊದಲೇ 12 ತಿಂಗಳವರೆಗೆ ಒಳಗಿಡಬಹುದು. ಚಿತ್ರರಂಗ ಸಂಭ್ರಮಪಟ್ಟಿತು. ಪೈರಸಿಯ ಬೆನ್ನು ಮುರಿಯಿತು ಎಂದರು. ಯಾರ ಬೆನ್ನು ಮುರಿಯಿತೋ ಗೊತ್ತಿಲ್ಲ. ಶುಕ್ರವಾರ ಬೆಳಗಿನ ಆಟ ಮುಗಿಯುವ ಮೊದಲೇ ಸಿನಿಮಾ ಟೆಲಿಗ್ರಾಂನಲ್ಲಿ ಇರುತ್ತದೆ.

ತಿದ್ದುಪಡಿ ತಂದಾಗ ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕಂಪನಿ ಪೀಣ್ಯದ ನೆರೆಯ ಯಶವಂತಪುರ ಠಾಣೆಯಲ್ಲಿ ದೂರು ಕೊಟ್ಟಿತು. ಕೆಜಿಎಫ್ 2 ಹಾಡನ್ನು ಅನುಮತಿ ಕೇಳದೆ ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಬಳಸಿಕೊಂಡಿದ್ದಾರೆ ಎಂದು. ಎಫ್‌ಐಆರ್‌ನಲ್ಲಿ ಯಾರ ಹೆಸರು? ರಾಹುಲ್ ಗಾಂಧಿ ಮತ್ತವರ ಪಕ್ಷದ ನಾಯಕರದ್ದು. ವಾಣಿಜ್ಯ ನ್ಯಾಯಾಲಯ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಯಲು ಹೇಳಿತು. ಮರುದಿನ ಹೈಕೋರ್ಟ್, ಹಾಡಿರುವ ವಿಡಿಯೊ ತೆಗೆಯಬೇಕೆಂಬ ಷರತ್ತಿನ ಮೇಲೆ ಆ ಆದೇಶವನ್ನು ಬದಿಗಿಟ್ಟಿತು. 2023ರ ಜೂನ್‌ನಲ್ಲಿ ಎಫ್‌ಐಆರ್ ರದ್ದು ಮಾಡಲು ಹೈಕೋರ್ಟ್ ಒಪ್ಪಲಿಲ್ಲ. ತಪ್ಪೋ ಒಪ್ಪೋ ಕೋರ್ಟು ನೋಡಿಕೊಳ್ಳಲಿ. ನಾನು ಕೇಳುವುದು ಇಷ್ಟೇ. ಹಾಡು ಕದ್ದವನನ್ನು ಗೂಂಡಾ ಎನ್ನುವ ಕಾನೂನು ತಂದ ಪಕ್ಷಕ್ಕೆ, ಹಾಡಿಗೂ ಒಬ್ಬ ಒಡೆಯ ಇರುತ್ತಾನೆ ಎಂದು ಹೇಳಿಕೊಡಲು ಠಾಣೆಯೇ ಬೇಕಾಯಿತೇ?

ಚಿತ್ರರಂಗವೇನು ಗಂಗೆಯಲ್ಲಿ ಮಿಂದದ್ದಲ್ಲ. ಪೈರಸಿ ಎಂದೊಡನೆ ಎದೆ ಬಡಿದುಕೊಳ್ಳುವವರೇ ಟ್ಯೂನು ಕದ್ದ ಆರೋಪ ಹೊತ್ತು ಕೋರ್ಟು ಹತ್ತುತ್ತಾರೆ. 'ಕಿರಿಕ್ ಪಾರ್ಟಿ'ಯ ಹಾಡು 'ಶಾಂತಿ ಕ್ರಾಂತಿ'ಯದ್ದು ಎಂದು ಲಹರಿ ಸಂಸ್ಥೆ ಹೂಡಿದ ಜಗಳ ವರ್ಷಗಟ್ಟಲೆ ಎಳೆಯಿತು. ಪ್ರೇಕ್ಷಕ ಫೈಲು ಕದ್ದರೆ ಗೂಂಡಾ. ತಾವು ರಾಗ ತಂದರೆ ಸ್ಫೂರ್ತಿ.

ಗೂಂಡಾ ಕಾಯ್ದೆ ನಿಜಕ್ಕೂ ಹೆದರಿಸಿದ್ದು ಒಬ್ಬನನ್ನೇ. ಪೀಣ್ಯದ, ದಾಸರಹಳ್ಳಿಯ ಗಲ್ಲಿಯಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡು ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡುತ್ತಿದ್ದ ಹುಡುಗನನ್ನು. ಶಿಫ್ಟ್ ಮುಗಿಸಿದ ಲೇತ್ ಕೆಲಸದವನು ಬಂದು ಕಾರ್ಡ್ ಕೊಡುತ್ತಿದ್ದ.

"ಯಾವ್ ಹಾಡು ಹಾಕ್ಲಿ ಅಣ್ಣಾ?"

"ಅಣ್ಣಾವ್ರದು ಹಳೇವು, ಅಪ್ಪುದು ಎಲ್ಲಾ ಹಾಕು ಗುರೂ. ಜಾಗ ಉಳಿದ್ರೆ ಮಾದೇಶ್ವರನ ಹಾಡು ತುಂಬು."

ಇಪ್ಪತ್ತೋ ಮೂವತ್ತೋ ರೂಪಾಯಿ ಕೈ ಬದಲಾಗುತ್ತಿತ್ತು. ಕಾನೂನಿನ ಕಣ್ಣಲ್ಲಿ ಅಪರಾಧವೇ, ಒಪ್ಪೋಣ. ಆದರೆ ಒಂದು ಮಾತು. ಈ ಊರಿನಲ್ಲಿ ಹಾಡಿಗೆ ಅಂತ ಜೇಬಿನಿಂದ ದುಡ್ಡು ತೆಗೆದವನು ಆ ಲೇತ್ ಕೆಲಸದವನೊಬ್ಬನೇ. ವೈಟ್‌ಫೀಲ್ಡಿನವನು ಅದನ್ನೂ ತೆಗೆಯಲಿಲ್ಲ. ಸಂಗೀತ ಕಂಪನಿಗಳ ಒಕ್ಕೂಟಕ್ಕೂ ಇದು ಗೊತ್ತಿತ್ತು. ಇಂಥ ಅಂಗಡಿಗಳಿಗೇ ಪರವಾನಗಿ ಮಾರಲು ಅದು ಒಮ್ಮೆ ಹೊರಟಿತ್ತು. ಅಷ್ಟರಲ್ಲಿ ಡೇಟಾ ಅಗ್ಗವಾಗಿ ಮೆಮೊರಿ ಕಾರ್ಡೇ ಮೂಲೆ ಸೇರಿತು.

ದುಡ್ಡು ತೆಗೆಯಲಿಲ್ಲ ಎಂದೆನೇ? ತಪ್ಪು ತಿಳಿಯಬೇಡಿ. ನಮ್ಮವರು ಒಂದು ಕಾಲಕ್ಕೆ ಹಾಡಿಗೆ ತಿಂಗಳು ತಿಂಗಳೂ ಸುರಿದಿದ್ದಾರೆ. ಕಾಲರ್ ಟ್ಯೂನ್! ತಿಂಗಳಿಗೆ 30 ರೂಪಾಯಿ ಚಂದಾ, ಹಾಡಿಗೆ 15 ರೂಪಾಯಿ ಬೇರೆ. ಪೂರ್ತಿ ಹಾಡಲ್ಲ, ಅರ್ಧ ನಿಮಿಷದ ತುಣುಕು. ಅದನ್ನೂ ದುಡ್ಡು ಕೊಟ್ಟವನು ಕೇಳುವಂತಿಲ್ಲ. ಸಾಲ ವಸೂಲಿಗೆ ಫೋನ್ ಮಾಡಿದವನು ಕೇಳಬೇಕು. ಚಂದಾ ನಿಂತ ದಿನ ಹಾಡೂ ನಿಂತಿತು. ಒಪ್ಪಿಗೆಯನ್ನೇ ಕೊಡದವರ ಬ್ಯಾಲೆನ್ಸಿಗೂ ಕತ್ತರಿ ಬೀಳುತ್ತಿದೆ ಎಂಬ ಕೂಗೆದ್ದು, 2013ರಲ್ಲಿ ಟ್ರಾಯ್ ಎರಡೆರಡು ಬಾರಿ ಒಪ್ಪಿಗೆ ಪಡೆಯಬೇಕೆಂದು ನಿಯಮ ಮಾಡಬೇಕಾಯಿತು. ಜಗತ್ತಿನಲ್ಲಿ ಇದಕ್ಕಿಂತ ಗಟ್ಟಿ ಬೀಗ ಯಾರೂ ಮಾಡಿಲ್ಲ. ತಾವಾಗಿಯೇ ಹಾಕಿಸಿಕೊಂಡವರು ಅದಕ್ಕೆ ದುಡ್ಡು ಕೊಡಲು ಗೊಣಗಲಿಲ್ಲ. ಬೀಗವಿಲ್ಲದ ಪೂರ್ತಿ ಹಾಡಿಗೆ 6 ರೂಪಾಯಿ ಅಂದಾಗ ಹೊಟ್ಟೆ ಉರಿಯಿತು.

ಈಗಿನದು ಸ್ಟ್ರೀಮಿಂಗ್ ಕಾಲ. ಎಲ್ಲರೂ ಸಭ್ಯರಾಗಿದ್ದಾರೆ. ತಿಂಗಳಿಗೆ ನೂರು ಚಿಲ್ಲರೆ ಕೊಟ್ಟು, ಅಥವಾ ಕೊಡದೆ ಜಾಹೀರಾತು ಕೇಳಿಸಿಕೊಂಡು, ತಮ್ಮ ಹತ್ತಿರ ಕೋಟಿ ಹಾಡು ಇದೆ ಎಂದು ನಂಬಿದ್ದಾರೆ. ಒಂದೂ ಇಲ್ಲ. ಆ್ಯಪಿನಲ್ಲಿ ಡೌನ್‌ಲೋಡ್ ಗುಂಡಿ ಒತ್ತಿದರೆ ಬರುವುದು ಫೈಲಲ್ಲ, ಆ್ಯಪಿನ ಹೊಟ್ಟೆಯೊಳಗೆ ಗೂಢಲಿಪಿಯಲ್ಲಿ ಕಟ್ಟಿಟ್ಟ ಗಂಟು. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬಂದು ಹಾಜರಿ ಹಾಕದಿದ್ದರೆ ಗಂಟು ಬಿಚ್ಚುವುದಿಲ್ಲ. ಆಫೀಸಿನ ಬಯೊಮೆಟ್ರಿಕ್ ಸಾಲದು ಎಂದು ಹಾಡಿನ ಮುಂದೆಯೂ ಹೆಬ್ಬೆಟ್ಟು.

ಹಾಡು ನಿಮ್ಮ ಪಟ್ಟಿಯಲ್ಲಿ ಎಷ್ಟು ದಿನ ಇರುತ್ತದೆ? ಆ್ಯಪಿಗೂ ಹಾಡಿನ ಕಂಪನಿಗೂ ಜಗಳ ಶುರುವಾಗುವವರೆಗೆ. 2023ರ ಮಾರ್ಚ್‌ನಲ್ಲಿ ಜೀ ಮ್ಯೂಸಿಕ್‌ಗೂ ಸ್ಪಾಟಿಫೈಗೂ ಒಪ್ಪಂದ ಮುರಿಯಿತು. ಬೆಳಗ್ಗೆ ಎದ್ದು ನೋಡಿದರೆ ಪಟ್ಟಿಯ ತುಂಬ ಹಲ್ಲು ಬಿದ್ದ ಜಾಗಗಳು. ಚಂದಾದಲ್ಲಿ ಒಂದು ಪೈಸೆ ಕಡಿಮೆಯಾಗಲಿಲ್ಲ.

ಅಂಗಡಿಗಳಾದರೂ ನಿಲ್ಲುತ್ತವೆಯೇ? ಗಾನಾ 2022ರಲ್ಲಿ ಪುಕ್ಕಟೆ ಬಾಗಿಲು ಮುಚ್ಚಿ ಚಂದಾ ಕೇಳಿತು. ರೆಸ್ಸೊ 2024ರ ಜನವರಿಗೆ ಗಂಟುಮೂಟೆ ಕಟ್ಟಿತು. ಏರ್‌ಟೆಲ್‌ನ ವಿಂಕ್ ಅದೇ ವರ್ಷ ಮುಚ್ಚಿತು. ಗೂಗಲ್ 2016ರಲ್ಲಿ ಇಲ್ಲಿ ಪ್ಲೇ ಮ್ಯೂಸಿಕ್‌ನಲ್ಲಿ ಹಾಡು ಮಾರತೊಡಗಿ, 2020ರಲ್ಲಿ ನಿಲ್ಲಿಸಿ, 2021ರ ಫೆಬ್ರವರಿಯಲ್ಲಿ ಎಲ್ಲವನ್ನೂ ಒರೆಸಿ ಹಾಕಿತು. ಅಲ್ಲಿ ಕೊಂಡ ಎಂಪಿ3ಯನ್ನು ಇಳಿಸಿಟ್ಟುಕೊಂಡವನು ಬಚಾವು. ಗೂಗಲ್ ಎಲ್ಲಿಗೆ ಹೋಗುತ್ತದೆ ಎಂದು ನಂಬಿ ಕೂತವನಿಗೆ ಚೊಂಬು.

ಬಾಡಿಗೆಗೆ ತಕರಾರಿಲ್ಲ. ಬಾಡಿಗೆ ಮನೆಯ ಇನ್ನೊಂದು ಕೀಲಿ ಮಾಲೀಕನ ಹತ್ತಿರ ಇರಲಿ. ಕ್ರಯದ ದುಡ್ಡು ಎಣಿಸಿ ಕೊಟ್ಟ ಮೇಲೂ ಕೀಲಿ ಅವನ ಹತ್ತಿರವೇ ಇರುತ್ತದೆ ಎಂದರೆ ಅದನ್ನು ಏನೆನ್ನಬೇಕು? ಮಹದೇವಪುರದಲ್ಲಿ ಸೈಟು ಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ದುಡ್ಡು ನಿಮ್ಮದು, ಸಹಿ ನಿಮ್ಮದು, ಖಾತೆ ಮಾತ್ರ 'ಬಿ'.

ಸೈಟಿಗಾದರೆ ಮೂವತ್ತು ವರ್ಷದ ಇಸಿ ತೆಗೆಸುತ್ತೀರಿ. ವಕೀಲರಿಗೆ ತೋರಿಸುತ್ತೀರಿ. ಹಾಡಿಗೆ ಅಷ್ಟೆಲ್ಲ ಬೇಡ. ಫೈಲು ಕೈಗೆ ಬರುತ್ತದೆಯೇ, ಬೇರೆ ಪ್ಲೇಯರಿನಲ್ಲಿ ಹಾಡುತ್ತದೆಯೇ, ನಾಳೆ ಅಂಗಡಿ ಮುಚ್ಚಿದರೆ ಹಾಡು ಉಳಿಯುತ್ತದೆಯೇ? ಇಷ್ಟು ಕೇಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಪದವಿ ಇದ್ದವರು ಕೇಳುತ್ತಲೂ ಇಲ್ಲ.

ಸರಿ, ನಿಯತ್ತಾಗಿ ಕೊಳ್ಳುತ್ತೇನೆ ಎಂದು ಇವತ್ತು ಹೊರಟರೆ ಎಲ್ಲಿಗೆ ಹೋಗಬೇಕು? ಐಟ್ಯೂನ್ಸ್ ಅಂಗಡಿ 2012ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂತು. ಕೊಂಡ ಹಾಡಿಗೆ ಬೀಗವಿಲ್ಲ, 256 ಕೆಬಿಪಿಎಸ್ ಎಎಸಿ ಫೈಲು. ಆದರೆ ಅದೇ ಆಪಲ್ ಚಂದಾ ಸೇವೆಯ ಕಡೆಗೇ ಕೈಹಿಡಿದು ಎಳೆಯುತ್ತದೆ. ಮಾರುವ ಅಂಗಡಿಯನ್ನು ಹಿತ್ತಲಲ್ಲಿ ಇಟ್ಟಿದೆ. ಚಂದಾದಲ್ಲಿ ಇಳಿಸಿದ ಅದೇ ಹಾಡಿಗೆ ಬೀಗ ಉಂಟು. ಅಮೆಜಾನ್ ಅಮೆರಿಕದಲ್ಲಿ 2007ರಿಂದ ಬೀಗವಿಲ್ಲದ ಎಂಪಿ3 ಮಾರುತ್ತಿದೆ. ಇಲ್ಲಿಗೆ 2018ರಲ್ಲಿ ಬಂದಾಗ ಬಾಡಿಗೆಯ ಅಂಗಡಿ ಮಾತ್ರ ತಂದಿತು. ನಮ್ಮ ಯೋಗ್ಯತೆ ಅವರಿಗೂ ತಿಳಿದಿರಬೇಕು.

ಬ್ಯಾಂಡ್‌ಕ್ಯಾಂಪ್ ಇದೆ. ಎಂಪಿ3 ಬೇಕೇ, ಫ್ಲಾಕ್ ಬೇಕೇ, ಕೇಳಿದ ರೂಪದಲ್ಲಿ ಬೀಗವಿಲ್ಲದೆ ಕೊಡುತ್ತದೆ. ದುಡ್ಡಿನ ದೊಡ್ಡ ಪಾಲು ಹಾಡಿದವನಿಗೇ ಹೋಗುತ್ತದೆ. ಹೋಗುವುದು ಪೇಪಾಲ್ ಮೂಲಕ. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿತು. ಹಾಗಾಗಿ ಬೆಂಗಳೂರಿನ ತಂಡದ ಹಾಡನ್ನು ಬರ್ಲಿನ್ನಿನವನು ಸಲೀಸಾಗಿ ಕೊಳ್ಳುತ್ತಾನೆ. ಕಾಡುಗೋಡಿಯವನು ಪರದಾಡುತ್ತಾನೆ. ಅವನ ಮನೆಯ ಕೆಳಗಿನ ಚಹಾದಂಗಡಿಗೆ ಕ್ಯೂಆರ್ ಕೋಡ್ ಇದೆ, ಮೇಲಿನ ಮಹಡಿಯ ಗಿಟಾರಿನವನಿಗೆ ಇಲ್ಲ.

ಕನ್ನಡದ ಗತಿ ಇನ್ನೂ ಚೆಂದ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಭಾವಗೀತೆ ಮನೆಮನೆ ಹೊಕ್ಕಿತು. ಆ ಕ್ಯಾಸೆಟ್ಟಿಗೆ ಬೀಗ ಇತ್ತೇ? ಟಿಡಿಕೆ ಖಾಲಿ ಕ್ಯಾಸೆಟ್ ತಂದು ಊರೆಲ್ಲ ನಕಲು ಮಾಡಿಕೊಂಡಿತು. ಆದರೂ ಕ್ಯಾಸೆಟ್ ಉದ್ಯಮ ಮುಳುಗಲಿಲ್ಲ, ಬೆಳೆಯಿತು. 1987ರ 'ಪ್ರೇಮಲೋಕ'ವನ್ನು ನಕಲು ಮಾಡಿಕೊಳ್ಳದ ಬೀದಿ ಇರಲಿಲ್ಲ, ಕೊಳ್ಳದ ಬೀದಿಯೂ ಇರಲಿಲ್ಲ. ಇಂದು ಹಳೆಯ ಭಾವಗೀತೆಗಳನ್ನು ಒಳ್ಳೆಯ ಗುಣಮಟ್ಟದ ಫೈಲಾಗಿ ಕೊಡಿ, ದುಡ್ಡು ತಗೊಳ್ಳಿ ಎಂದರೆ ಕೌಂಟರಿನಲ್ಲಿ ಯಾರೂ ಇಲ್ಲ. ಹಕ್ಕಿನ ಒಡೆಯರು ಎಲ್ಲವನ್ನೂ ಜ್ಯೂಕ್‌ಬಾಕ್ಸ್ ಮಾಡಿ ಯೂಟ್ಯೂಬಿನಲ್ಲಿ ಪುಕ್ಕಟೆ ಸುರಿದಿದ್ದಾರೆ. ಬೀದಿಯಲ್ಲಿ ರಾಶಿ ಹಾಕಿ, ಪಕ್ಕದಲ್ಲಿ 'ಮುಟ್ಟಿದರೆ ಗೂಂಡಾ ಕಾಯ್ದೆ' ಎಂದು ಬೋರ್ಡ್ ನೆಟ್ಟಿದ್ದಾರೆ. ಮಾರುವ ಅಂಗಡಿ ಎಲ್ಲಿ ಸ್ವಾಮಿ ಎಂದರೆ, ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಆಗಿ ಎನ್ನುತ್ತಾರೆ.

ಜನರಿಗೆ ಹಾಡು ಸ್ವಂತ ಬೇಕಾಗಿಲ್ಲ, ಕಾಲ ಬದಲಾಗಿದೆ ಎಂದು ಮಾರ್ಕೆಟಿಂಗ್ ಪಂಡಿತರು ತೀರ್ಪು ಕೊಟ್ಟಾಗಿದೆ. ಹಾಗಿದ್ದರೆ 2017ರಲ್ಲಿ ಸರೆಗಮ ಕಂಪನಿ ತಂದ ಕಾರವಾನ್ ಪೆಟ್ಟಿಗೆಯನ್ನು ಮುಗಿಬಿದ್ದು ಕೊಂಡವರು ಯಾವ ಲೋಕದವರು? ಹಳೇ ರೇಡಿಯೋ ಚಹರೆ, ಒಳಗೆ 5,000 ಹಾಡು, ನೆಟ್ ಬೇಡ, ಚಂದಾ ಬೇಡ, ಹಾಜರಿ ಬೇಡ. ಗುಂಡಿ ತಿರುಗಿಸಿದರೆ ಹಾಡುತ್ತದೆ. ಕನ್ನಡದ್ದೂ ಬಂತು. ಬೆಲೆ 6,000 ರೂಪಾಯಿಯ ಆಸುಪಾಸು. ಹಾಡಿಗೆ 6 ರೂಪಾಯಿ ದುಬಾರಿ ಎಂದ ಅದೇ ಐಟಿ ಹುಡುಗರು ಊರಲ್ಲಿರುವ ಅಪ್ಪ ಅಮ್ಮನಿಗೆ ಅಂತ ದೀಪಾವಳಿ ಆಫರಿನಲ್ಲಿ ಒಯ್ದರು. ಒಳಗಿನ ಹಾಡುಗಳನ್ನು ಮಾತ್ರ ಹೊರಗೆ ತೆಗೆಯುವಂತಿಲ್ಲ. ಪೆಟ್ಟಿಗೆ ಕೆಟ್ಟರೆ 5,000 ಹಾಡೂ ಅದರೊಳಗೇ ಸಮಾಧಿ.

ಪೆಟ್ಟಿಗೆಗೆ ಒಂದು ಯುಎಸ್‌ಬಿ ಕಿಂಡಿ ಇಟ್ಟಿದ್ದಾರೆ. ನಿಮ್ಮ ಸ್ವಂತ ಹಾಡುಗಳನ್ನು ಪೆನ್‌ಡ್ರೈವ್‌ನಲ್ಲಿ ತಂದು ಸಿಕ್ಕಿಸಿ ಕೇಳಿ ಎಂದು. ಆ ಸ್ವಂತ ಹಾಡುಗಳನ್ನು ಯಾವ ಅಂಗಡಿಯಿಂದ ಕೊಂಡು ತರಬೇಕು ಎಂಬುದನ್ನು ಮಾತ್ರ ಯಾವ ಕಂಪನಿಯವರೂ ಹೇಳುವುದಿಲ್ಲ.